ರೇಡಿಯೋ ಮಾತು, ನಮ್ಮ ಮಾತು

(ಸುರಪುರ ತಾಲೂಕಿನ ಬೋನಾಳದಲ್ಲಿ, ಹೊಸದಾಗಿ ಓದು ಬರಹ ಕಲಿತ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ಬರ್ರಿ, ಮುಂದೆ ಬಂದು ಕುಂದರ್ರಿ. ಕೂಸು ಇದ್ದವರು ನೆರಳಿಗೆ ಕುಂದರ್ರಿ. ಇವತ್ತು ನಾವು ರೇಡಿಯೋ ಬಗ್ಗೆ ನಾಲ್ಕು ಮಾತು ಆಡೋಣ.

"ನಾವು ಅಕ್ಷರ ಕಲೀಲಿಕ್ಕೆ ಬಂದೀವಿ. ರೇಡಿಯೋ ಕೇಳಲಿಕ್ಕೆ ಅಕ್ಷರ ಯಾಕೆ ಬೇಕ್ರೀ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ರೇಡಿಯೋ ಕೇಳಲು ಅಕ್ಷರ ಬೇಡ. ಕಿವಿ ಇದ್ದರೆ ಸಾಕು. ಆದರೆ ಕೇಳಿದ್ದನ್ನು ಉಳಿಸಿಕೊಳ್ಳಲು ಅಕ್ಷರ ಬೇಕು. ಕೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ಅಕ್ಷರ ಬೇಕು. ರೇಡಿಯೋಕ್ಕೆ ತಿರುಗಿ ಮಾತು ಹೇಳಲೂ ಅಕ್ಷರ ಬೇಕು. ಇವತ್ತಿನ ಮಾತು ಇಷ್ಟೇ. ಇದನ್ನೇ ಸಾವಕಾಶ ಬಿಡಿಸಿ ಹೇಳುತ್ತೇವೆ.

ಕೈಗೆ ಕೆಲಸ, ಕಿವಿಗೆ ಮಾತು

ನಮ್ಮ ಹೆಣ್ಣುಮಕ್ಕಳಿಗೆ ಸುಮ್ಮನೆ ಕೂರುವ ಹೊತ್ತು ಎಲ್ಲಿದೆ? ಬೆಳಗಾಗುವ ಮೊದಲೇ ಕಸ, ನೀರು, ಒಲೆ. ಆಮೇಲೆ ರೊಟ್ಟಿ ಬಡಿಯುವುದು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಭತ್ತದ ನಾಟಿ, ಹತ್ತಿ ಬಿಡಿಸುವುದು, ತೊಗರಿ ಹೊಲದಾಗ ಕಳೆ ತೆಗೆಯುವುದು. ಸಂಜೆ ಮತ್ತೆ ಅದೇ ಒಲೆ.

ಟಿ.ವಿ. ನೋಡಬೇಕು ಅಂದರೆ ಕಣ್ಣು ಕೊಡಬೇಕು. ಪುಸ್ತಕ ಓದಬೇಕು ಅಂದರೆ ಕಣ್ಣೂ ಬೇಕು, ಕೈಯೂ ಬೇಕು. ರೇಡಿಯೋಕ್ಕೆ ಕಿವಿ ಕೊಟ್ಟರೆ ಸಾಕು. ಕೈ ರೊಟ್ಟಿ ಬಡಿಯುತ್ತಲೇ ಇರುತ್ತದೆ. ಅದಕ್ಕೇ ರೇಡಿಯೋ ಅಕ್ಷರ ಬಾರದವರ ಪುಸ್ತಕ ಆಗಿತ್ತು. ಸುದ್ದಿ, ಔಷಧ, ಬೀಜ, ಮಳೆ, ನಾಟಕ, ಎಲ್ಲವೂ ಅದರಲ್ಲೇ ಬರುತ್ತಿತ್ತು.

ಆದರೆ ಒಂದು ಮಾತು ನೆನಪಿಡಿ. ಬಹಳ ಮನೆಗಳಲ್ಲಿ ರೇಡಿಯೋ ಇತ್ತು, ಅದರ ಕಿವಿ ತಿರುಗಿಸುವ ಕೈ ಮಾತ್ರ ಗಂಡಸರದು. ಅವರು ಹೊರಗೆ ಹೋಗುವಾಗ ರೇಡಿಯೋ ಅವರ ಹೆಗಲಿಗೇ ಹೋಗುತ್ತಿತ್ತು. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಕೂಡ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಈಗ ಮೊಬೈಲಿನಲ್ಲೇ ರೇಡಿಯೋ ಕೇಳಬಹುದು. ಈಗ ಕೇಳಬೇಕಾದ ಪ್ರಶ್ನೆ, ಮೊಬೈಲು ಯಾರ ಕೈಯಲ್ಲಿದೆ? ನೀವೇ ಯೋಚಿಸಿ.

ಆಕಾಶವಾಣಿ ಎಂಬ ಹೆಸರು

"ಆಕಾಶವಾಣಿ." ಈ ಮಾತು ಎಲ್ಲರಿಗೂ ಗೊತ್ತು. ಈ ಹೆಸರು ರೇಡಿಯೋಕ್ಕೆ ಎಲ್ಲಿಂದ ಬಂತು? ನಮ್ಮ ಕರ್ನಾಟಕದಿಂದಲೇ ಬಂತು.

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಮೇಷ್ಟ್ರು ಇದ್ದರು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ರೇಡಿಯೋ ಕೇಂದ್ರ ಶುರು ಮಾಡಿದರು. ಅದರ ಶಕ್ತಿ ಬರೀ 30 ವಾಟ್. ಮನೆಯ ಒಂದು ಸಣ್ಣ ಬಲ್ಬಿಗೆ ಬೇಕಾಗುವಷ್ಟೇ ಶಕ್ತಿ! ಆ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋ ಇದೇ ಹೆಸರನ್ನು ತೆಗೆದುಕೊಂಡಿತು. ಮೊದಲು "ಆಲ್ ಇಂಡಿಯಾ ರೇಡಿಯೋ" ಎಂಬ ಹೆಸರೂ ಜೊತೆಗೆ ನಡೆಯುತ್ತಿತ್ತು. 2023ರಲ್ಲಿ ಆಕಾಶವಾಣಿ ಎಂಬ ಒಂದೇ ಹೆಸರು ಸಾಕು ಎಂದು ತೀರ್ಮಾನವಾಯಿತು.

ಅದೇ 1935ರಲ್ಲಿ ಹೈದರಾಬಾದಿನಲ್ಲೂ ಒಂದು ರೇಡಿಯೋ ಶುರುವಾಯಿತು. ಅದು ನಿಜಾಮರ ರಾಜ್ಯದ ರೇಡಿಯೋ. ಅದರಲ್ಲಿ ಹೆಚ್ಚಿನ ಮಾತು ಉರ್ದುವಿನಲ್ಲಿ ಇರುತ್ತಿತ್ತು. ನಮ್ಮ ಸುರಪುರ ಸೀಮೆ ಆಗ ನಿಜಾಮರ ರಾಜ್ಯದಲ್ಲೇ ಇತ್ತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ಒಂದು ವರ್ಷ ಕಾಯಬೇಕಾಯಿತು. 1948ರ ಸೆಪ್ಟೆಂಬರ್ ತಿಂಗಳಲ್ಲಿ ಭಾರತದ ಸೈನ್ಯ ಬಂತು. ಸೆಪ್ಟೆಂಬರ್ 17ರಂದು ನಿಜಾಮರು ರೇಡಿಯೋದಲ್ಲಿ ಮಾತಾಡಿದರು. ಕದನ ನಿಂತಿತು ಎಂಬ ಸುದ್ದಿ ಗಾಳಿಯಲ್ಲಿ ಬಂತು. ಒಂದು ರಾಜ್ಯದ ಹಣೆಬರಹ ಬದಲಾದ ಸುದ್ದಿಯನ್ನು ಜನ ಕಿವಿಯಿಂದ ಕೇಳಿದರು.

ಧಾರವಾಡ ಕೇಂದ್ರ 1950ರಲ್ಲಿ ಶುರುವಾಯಿತು. ನಮ್ಮ ಕಲಬುರಗಿ ಕೇಂದ್ರ 1966ರಲ್ಲಿ ಬಂತು. ಆಗ ಊರಿನ ಹೆಸರು ಗುಲ್ಬರ್ಗಾ. ನಮ್ಮ ಭಾಗದ ಭಾಷೆ, ನಮ್ಮ ಭಾಗದ ಬೆಳೆ, ನಮ್ಮ ಭಾಗದ ಹಾಡು ರೇಡಿಯೋದಲ್ಲಿ ಕೇಳುವುದಕ್ಕೆ ಹೀಗೆ ದಾರಿ ಆಯಿತು.

ಬೆಳಿಗ್ಗೆ: ಚಿಂತನ, ವಾರ್ತೆ, ಮಳೆಯ ಸುದ್ದಿ

ರೇಡಿಯೋದಲ್ಲಿ ಹಾಡು ಬರುತ್ತದೆ. ಅದು ಎಲ್ಲರಿಗೂ ಇಷ್ಟ. ಆದರೆ ಇವತ್ತು ನಾವು ಮಾತಿನ ಕಾರ್ಯಕ್ರಮಗಳನ್ನು ನೋಡೋಣ. ಬೆಳಿಗ್ಗೆಯಿಂದ ರಾತ್ರಿವರೆಗೆ ಎಷ್ಟು ಬಗೆಯ ಮಾತು ಬರುತ್ತದೆ ನೋಡ್ರಿ.

ಬೆಳಿಗ್ಗೆ ಚಿಂತನ. ಐದು ನಿಮಿಷದ ಒಳ್ಳೆಯ ಮಾತು. ಒಬ್ಬರು ಒಂದು ವಿಚಾರ ಹೇಳುತ್ತಾರೆ. ಒಂದು ಸಣ್ಣ ಕತೆ ಇರಬಹುದು, ಶರಣರ ಮಾತು ಇರಬಹುದು.

ಆಮೇಲೆ ಪ್ರದೇಶ ಸಮಾಚಾರ, ವಾರ್ತೆಗಳು. ರಾಜ್ಯದಲ್ಲಿ, ದೇಶದಲ್ಲಿ ಏನಾಯಿತು ಎಂಬ ಸುದ್ದಿ. ಅದರ ಕೊನೆಗೆ ಹವಾಮಾನ. ಇದನ್ನು ನಾವು ಬಹಳ ಗಮನ ಇಟ್ಟು ಕೇಳಬೇಕು.

ಮಳೆಯ ಸುದ್ದಿಯಲ್ಲಿ ಬಣ್ಣದ ಹೆಸರು ಬರುತ್ತದೆ. ಹಳದಿ ಎಚ್ಚರಿಕೆ ಎಂದರೆ, ಮಳೆಯ ಮೇಲೆ ಕಣ್ಣಿಡಿ. ಕಿತ್ತಳೆ ಎಚ್ಚರಿಕೆ ಎಂದರೆ, ತಯಾರಾಗಿರಿ. ಕೆಂಪು ಎಚ್ಚರಿಕೆ ಎಂದರೆ, ಇನ್ನು ಕಾಯಬೇಡಿ, ಸುರಕ್ಷಿತ ಜಾಗಕ್ಕೆ ಹೋಗಿ. ಮೂರು ಬಣ್ಣ, ಮೂರು ಅರ್ಥ.

ಇನ್ನೊಂದು ಮಾತು ಬರುತ್ತದೆ: "ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಒಂದು ಲಕ್ಷ ಕ್ಯುಸೆಕ್ ನೀರು ಬಿಡಲಾಗಿದೆ." ಈ ಕ್ಯುಸೆಕ್ ಎಂದರೆ ಏನು? ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್. ಅದು ಸುಮಾರು 28 ಲೀಟರ್. ನಮ್ಮ ಲೆಕ್ಕಕ್ಕೆ ತರೋಣ. ನಮ್ಮ ಒಂದು ಕೊಡಕ್ಕೆ 14 ಲೀಟರ್ ನೀರು ಹಿಡಿಯುತ್ತದೆ ಅಂದುಕೊಳ್ಳಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಎರಡು ಕೊಡ. ಒಂದು ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷ ಕೊಡ! ಕಣ್ಣು ಮಿಟುಕಿಸುವುದರೊಳಗೆ ಅಷ್ಟು ನೀರು ಹರಿದು ಹೋಗುತ್ತದೆ.

ನದಿ ದಂಡೆಯ ಊರಿನವರಿಗೆ ಇದು ಬರೀ ಸುದ್ದಿ ಅಲ್ಲ. ನಮ್ಮ ಸೀಮೆಯ ನೀಲಕಂಠರಾಯನಗಡ್ಡಿಗೆ ಕೃಷ್ಣಾ ನದಿ ಸುತ್ತುವರಿದಿದೆ. ಪ್ರವಾಹ ಬಂದಾಗ ಆ ಗಡ್ಡಿಯ ಜನರಿಗೆ ದಾರಿ ಇಲ್ಲದಂತಾದದ್ದು ಉಂಟು. ನೀರು ಬಿಡುವ ಸುದ್ದಿ ಒಂದು ದಿನ ಮೊದಲೇ ತಿಳಿದರೆ ಹಿಟ್ಟು, ಎಣ್ಣೆ, ಗುಳಿಗೆ ತಂದು ಇಟ್ಟುಕೊಳ್ಳಬಹುದು. ದಿನ ತುಂಬಿದ ಬಸುರಿ ಇದ್ದರೆ ಮೊದಲೇ ದಾಟಿಸಬಹುದು. ಕರೆಂಟು ಹೋದರೂ, ಮೊಬೈಲ್ ಸಿಗ್ನಲ್ ಹೋದರೂ, ಸೆಲ್ ಹಾಕಿದ ರೇಡಿಯೋ ಮಾತಾಡುತ್ತಲೇ ಇರುತ್ತದೆ. ರೇಡಿಯೋದ ದೊಡ್ಡ ಗುಣ ಇದು.

ಮಧ್ಯಾಹ್ನ: ಹೆಣ್ಣುಮಕ್ಕಳ ಮಾತು, ಆರೋಗ್ಯದ ಮಾತು

ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ ಬರುವುದು ರೂಢಿ. ಅಡುಗೆ, ಮಕ್ಕಳ ಪಾಲನೆ, ಕಾನೂನು, ಸಂಘದ ಸಾಲ, ಉಳಿತಾಯ ಇಂಥ ವಿಷಯಗಳು ಇರುತ್ತವೆ. ಡಾಕ್ಟರ ಜೊತೆ ಸಂದರ್ಶನ ಇರುತ್ತದೆ. ಸಂದರ್ಶನ ಎಂದರೆ ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ.

ಒಂದು ಉದಾಹರಣೆ ನೋಡೋಣ. ಮಗುವಿಗೆ ವಾಂತಿ-ಭೇದಿ ಆಗಿದೆ. ರೇಡಿಯೋದಲ್ಲಿ ಡಾಕ್ಟರು ಹೇಳುತ್ತಾರೆ: "ಉಪ್ಪು ಸಕ್ಕರೆ ನೀರು ಕೊಡಿ." ಅಳತೆಯನ್ನೂ ಹೇಳುತ್ತಾರೆ. ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅದಕ್ಕೆ ಚಹಾ ಚಮಚದಲ್ಲಿ 6 ಚಮಚ ಸಕ್ಕರೆ. ಅದೇ ಚಮಚದಲ್ಲಿ ಅರ್ಧ ಚಮಚ ಉಪ್ಪು. ಚಮಚ ರಾಶಿ ತುಂಬಬಾರದು, ಮಟ್ಟಸವಾಗಿ ಇರಬೇಕು.

ಈಗ ಯೋಚನೆ ಮಾಡಿ. ನಾವು ಒಲೆ ಮುಂದೆ ಇದ್ದೆವು. ಹಾಲು ಉಕ್ಕಿತು. ಎದ್ದು ಹೋದೆವು. ಬಂದಾಗ ಆ ಮಾತು ಮುಗಿದಿತ್ತು. ಅರ್ಧ ಚಮಚ ಅಂದದ್ದು ಉಪ್ಪೋ, ಸಕ್ಕರೆಯೋ? ನೆನಪು ಹಿಂದು ಮುಂದಾಗುತ್ತದೆ. ಉಪ್ಪು ಹೆಚ್ಚಾದರೆ ಆ ನೀರೇ ಮಗುವಿಗೆ ಅಪಾಯ ತರುತ್ತದೆ. ರೇಡಿಯೋಕ್ಕೆ "ಇನ್ನೊಮ್ಮೆ ಹೇಳವ್ವ" ಅಂದರೆ ಅದು ಹೇಳುವುದಿಲ್ಲ. ಅದು ಮುಂದಿನ ಮಾತಿಗೆ ಹೋಗಿಬಿಡುತ್ತದೆ.

ಅದಕ್ಕೇ ಬರೆದಿಡಬೇಕು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರೂ ಆಯಿತು: "ನೀರು 1 ಲೀಟರ್. ಸಕ್ಕರೆ 6. ಉಪ್ಪು ಅರ್ಧ." ಮೂರೇ ಸಾಲು. ಈ ಮೂರು ಸಾಲು ಬರೆಯಲು ಬಂದರೆ ನೀವು ಕಲಿತ ಅಕ್ಷರ ಸಾರ್ಥಕ.

ಇದಕ್ಕಿಂತ ಒಳ್ಳೆಯದು ಓ.ಆರ್.ಎಸ್. ಪೊಟ್ಟಣ. ಆಶಾ ಕಾರ್ಯಕರ್ತೆಯನ್ನು ಕೇಳಿ. ಪೊಟ್ಟಣದ ಮೇಲೆ ಎಷ್ಟು ನೀರು ಹಾಕಬೇಕು ಎಂದು ಬರೆದಿರುತ್ತದೆ. ಓದಿ ನೋಡಿ. ಮಗುವಿನ ಕಣ್ಣು ಗುಳಿ ಬಿದ್ದರೆ, ನೀರು ಕುಡಿಯದೇ ಹೋದರೆ, ಭೇದಿಯಲ್ಲಿ ರಕ್ತ ಬಂದರೆ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೂಡಲೇ ದವಾಖಾನೆಗೆ ಹೋಗಿ.

ಸಂಜೆ: ಹೊಲದ ಮಾತು, ಸಂತೆಯ ಮಾತು

ಸಂಜೆ ರೈತರ ಕಾರ್ಯಕ್ರಮ. ಬೀಜ, ಗೊಬ್ಬರ, ಕೀಟ, ಮಾರುಕಟ್ಟೆ ಧಾರಣೆ. ಹೊಲದ ಮಾತು ಗಂಡಸರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಬಿತ್ತುವಾಗ ನಾವಿಲ್ಲವೇ? ಕಳೆ ಕೀಳುವಾಗ ನಾವಿಲ್ಲವೇ? ಬೀಜ ಆರಿಸಿ, ಬೂದಿ ಹಚ್ಚಿ, ಮಡಿಕೆಯಲ್ಲಿ ಇಡುವವರು ಯಾರು? ಹೌದಲ್ರೀ, ಮತ್ತೆ ಹೊಲದ ಮಾತು ನಮ್ಮದೂ ಹೌದು.

ರೇಡಿಯೋ ಮಾತಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಒಂದು ನಿಜವಾದ ಸಂಗತಿ ಹೇಳುತ್ತೇವೆ. ತಮಿಳುನಾಡಿನಲ್ಲಿ ತಂಜಾವೂರು ಎಂಬ ಸೀಮೆ ಇದೆ. ನಮ್ಮ ಕೃಷ್ಣಾ ಕಾಲುವೆ ಸೀಮೆಯ ಹಾಗೆ ಅದೂ ಭತ್ತದ ಸೀಮೆ. 1960ರ ದಶಕದಲ್ಲಿ ಅಲ್ಲಿ ಎ.ಡಿ.ಟಿ. 27 ಎಂಬ ಹೊಸ ಭತ್ತದ ತಳಿ ಬಂತು. ಅದರ ವಿಷಯ ರೈತರಿಗೆ ರೇಡಿಯೋದಿಂದ ತಿಳಿಯಿತು. ಆ ಉದ್ದ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಜನ ಅದನ್ನು "ರೇಡಿಯೋ ಭತ್ತ" ಎಂದೇ ಕರೆದರು.

ಅದಕ್ಕಿಂತ ಮೊದಲು, 1956ರಲ್ಲಿ, ಪುಣೆಯ ಕಡೆ ಇನ್ನೊಂದು ಕೆಲಸ ನಡೆಯಿತು. ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೇಳುವ ಗುಂಪು ಕಟ್ಟಿದರು. ವಾರಕ್ಕೆ ಎರಡು ದಿನ, ಅರ್ಧ ಗಂಟೆ ಕಾರ್ಯಕ್ರಮ. ಹತ್ತು ವಾರ ನಡೆಯಿತು. ಎಲ್ಲರೂ ಕೂಡಿ ಕೇಳುವುದು. ಮುಗಿದ ಮೇಲೆ ಚರ್ಚೆ ಮಾಡುವುದು. ನಮ್ಮೂರಿಗೆ ಇದು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು. ಆಮೇಲೆ ಕೆಲಸಕ್ಕೆ ಇಳಿಯುವುದು. "ಕೇಳಿ, ಚರ್ಚಿಸಿ, ಕೆಲಸ ಮಾಡಿ" ಎಂಬುದು ಅದರ ಮಂತ್ರ. ಒಬ್ಬರೇ ಕೇಳಿದರೆ ಮರೆತು ಹೋಗುವ ಮಾತು, ಹತ್ತು ಜನ ಕೂಡಿ ಕೇಳಿದರೆ ಊರಿನ ಮಾತು ಆಗುತ್ತದೆ. ಆದರೆ ಆ ಗುಂಪುಗಳಲ್ಲಿ ಕುಂತವರು ಹೆಚ್ಚಾಗಿ ಗಂಡಸರು. ಆ ಕೊರತೆ ನಾವು ತುಂಬಬಹುದು. ನಮ್ಮ ಸ್ವಸಹಾಯ ಸಂಘ ಹೇಗೂ ವಾರಕ್ಕೊಮ್ಮೆ ಕೂಡುತ್ತದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ರೇಡಿಯೋಕ್ಕೆ ಕೊಡಬಹುದು.

ಹೊಲದ ಮಾತಿನಲ್ಲಿ ಔಷಧದ ಅಳತೆ ಬರುತ್ತದೆ. "ಒಂದು ಲೀಟರ್ ನೀರಿಗೆ ಇಷ್ಟು ಮಿಲಿ" ಎನ್ನುತ್ತಾರೆ. ಇದನ್ನೂ ಬರೆದಿಡಬೇಕು. ಔಷಧದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಬಹಳ ಘೋರ ವಿಷ. ಹಳದಿಯೂ ದೊಡ್ಡ ವಿಷ. ನೀಲಿ ಅದಕ್ಕಿಂತ ಕಡಿಮೆ. ಹಸಿರು ಇನ್ನೂ ಕಡಿಮೆ. ಕಡಿಮೆ ಎಂದರೂ ವಿಷವೇ. ಖಾಲಿ ಡಬ್ಬಿ ತೊಳೆದು ನೀರಿಗೆ, ಎಣ್ಣೆಗೆ ಇಟ್ಟುಕೊಳ್ಳಲೇ ಬಾರದು.

ರಾತ್ರಿ: ನಾಟಕ, ರೂಪಕ, ಪತ್ರಗಳ ಉತ್ತರ

ರಾತ್ರಿ ಊಟ ಆದ ಮೇಲೆ ನಾಟಕ. ಬಾನುಲಿ ನಾಟಕ ಎನ್ನುತ್ತಾರೆ. ಬಾನುಲಿ ಎಂದರೂ ರೇಡಿಯೋ ಎಂದೇ ಅರ್ಥ. ರೇಡಿಯೋ ನಾಟಕದಲ್ಲಿ ಪರದೆ ಇಲ್ಲ, ಬಣ್ಣ ಇಲ್ಲ. ಬಾಗಿಲು ಕಿರ್ ಎಂದರೆ ಯಾರೋ ಬಂದರು ಅಂತ. ಗೆಜ್ಜೆಯ ಸಪ್ಪಳ ಕೇಳಿದರೆ ಎತ್ತು ಬಂತು ಅಂತ. ಉಳಿದದ್ದೆಲ್ಲ ನಮ್ಮ ಮನಸ್ಸೇ ಕಟ್ಟಿಕೊಳ್ಳುತ್ತದೆ. ಕಂಪನಿ ನಾಟಕಕ್ಕೆ ಹೋಗಲು ಮನೆಯವರು ಬಿಡದ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳು ಒಲೆಯ ಮುಂದೆ ಕುಂತೇ ನಾಟಕ ಕೇಳಿದರು.

ರೂಪಕ ಎಂದರೆ ಒಂದು ವಿಷಯವನ್ನು ಹಲವರ ದನಿಯಲ್ಲಿ ಹೇಳುವುದು. ಉದಾಹರಣೆಗೆ ಸುರಪುರದ ರಾಜಾ ವೆಂಕಟಪ್ಪ ನಾಯಕರು 1857-58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಕತೆ. ಅದನ್ನು ರೂಪಕ ಮಾಡಬಹುದು. ನಮ್ಮ ಬೋನಾಳ ಕೆರೆಗೆ ಚಳಿಗಾಲದಾಗ ದೂರದಿಂದ ಹಕ್ಕಿಗಳು ಬರುತ್ತವಲ್ಲ, ಅದನ್ನೂ ರೂಪಕ ಮಾಡಬಹುದು.

ರಾತ್ರಿ ಹೊತ್ತು ದೂರದ ಊರಿನ ರೇಡಿಯೋ ಕೂಡ ಕೇಳಿಸುವುದನ್ನು ಹಿರಿಯರು ಗಮನಿಸಿರಬಹುದು. ಅದು ಯಾಕೆ? ಮೀಡಿಯಂ ವೇವ್ ರೇಡಿಯೋದ ಅಲೆ ಹಗಲು ನೆಲ ಹಿಡಿದು ಸಾಗುತ್ತದೆ. ರಾತ್ರಿ ಅದು ಆಕಾಶದ ಮೇಲಿನ ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬರುತ್ತದೆ. ಹಾಗಾಗಿ ಬಹಳ ದೂರ ಹೋಗುತ್ತದೆ. ಎಫ್.ಎಂ. ದನಿ ಸ್ಪಷ್ಟ, ಆದರೆ ಅಷ್ಟು ದೂರ ಹೋಗದು.

ಇನ್ನು ಪತ್ರಗಳಿಗೆ ಉತ್ತರ ಕೊಡುವ ಕಾರ್ಯಕ್ರಮ. ಕೇಳುಗರು ಬರೆದ ಕಾರ್ಡನ್ನು ಓದಿ ಉತ್ತರ ಹೇಳುತ್ತಾರೆ. "ಇಂಥ ಊರಿನಿಂದ ಇಂಥವರು ಬರೆದಿದ್ದಾರೆ" ಎಂದು ಹೆಸರು ಓದುತ್ತಾರೆ. ಆ ಹೆಸರುಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿರುತ್ತವೆ, ಕೇಳಿ ಎಣಿಸಿ. ಬರೆಯಲು ಬಾರದವಳ ಪ್ರಶ್ನೆ ಅವಳ ಹೊಟ್ಟೆಯಲ್ಲೇ ಉಳಿಯುತ್ತದೆ.

ಹೇಳಿದವರು ಯಾರು?

ರೇಡಿಯೋ ಹೇಳಿತು ಎಂದ ಮಾತ್ರಕ್ಕೆ ಎಲ್ಲವೂ ಪೂರ್ತಿ ನಿಜ ಎಂದಲ್ಲ. ಹೇಳಿದವರು ಯಾರು ಎಂದು ಕೇಳಬೇಕು.

1975ರ ಜೂನ್ 26ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿ ಅವರು ರೇಡಿಯೋದಲ್ಲಿ ಮಾತಾಡಿದರು. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಿದೆ ಎಂದು ಹೇಳಿದರು. ಅಲ್ಲಿಂದ 1977ರ ಮಾರ್ಚ್‌ವರೆಗೆ, 21 ತಿಂಗಳು, ಸರ್ಕಾರಕ್ಕೆ ಬೇಕಾದ ಸುದ್ದಿ ಮಾತ್ರ ರೇಡಿಯೋದಲ್ಲಿ ಬಂತು. ಪತ್ರಿಕೆಗಳಿಗೂ ಕತ್ತರಿ ಬಿತ್ತು. ರೇಡಿಯೋ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂದು ದೇಶ ಅವತ್ತು ಕಲಿಯಿತು. 1997ರಲ್ಲಿ ಆಕಾಶವಾಣಿ ಮತ್ತು ದೂರದರ್ಶನ ನಡೆಸಲು ಪ್ರಸಾರ ಭಾರತಿ ಎಂಬ ಬೇರೆ ಸಂಸ್ಥೆ ಬಂತು.

ಈಗ ಮೊಬೈಲಿನಲ್ಲಿ ದಿನವೂ ನೂರು ಸುದ್ದಿ ಬರುತ್ತವೆ. ಹೇಳಿದವರು ಯಾರು ಎಂದೇ ಗೊತ್ತಾಗುವುದಿಲ್ಲ. "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುಳ್ಳು ಸುದ್ದಿ ನಂಬಿ ಜನ ಅಮಾಯಕರನ್ನು ಹೊಡೆದದ್ದೂ ಉಂಟು. 2018ರಲ್ಲಿ ನಮ್ಮ ಭಾಗದ ಬೀದರ್ ಜಿಲ್ಲೆಯಲ್ಲೇ ಹೀಗೆ ಒಬ್ಬರ ಪ್ರಾಣ ಹೋಯಿತು. ಆದ್ದರಿಂದ ಯಾವ ಸುದ್ದಿ ಕೇಳಿದರೂ ನಾಲ್ಕು ಪ್ರಶ್ನೆ ಕೇಳಿ. ಹೇಳಿದವರು ಯಾರು? ಯಾವತ್ತು ಹೇಳಿದರು? ಯಾವ ಊರಿಗೆ ಹೇಳಿದರು? ಇದರಿಂದ ಯಾರಿಗೆ ಲಾಭ? ಬೀಜದ ಜಾಹೀರಾತು ಒಂದು ಮಾತು, ಕೃಷಿ ಅಧಿಕಾರಿಯ ಸಲಹೆ ಇನ್ನೊಂದು ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಮೈಕು ನಮ್ಮ ಕೈಗೆ

ಇಲ್ಲಿವರೆಗೆ ನಾವು ಕೇಳುವವರು. ಮಾತಾಡುವವರು ಬೇರೆಯವರು. ಇದು ಹೀಗೇ ಇರಬೇಕೇ?

1995ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ರೇಡಿಯೋ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತು. ಊರ ಕೆರೆ ಹೇಗೆ ಊರಿನದೋ, ಹಾಗೆ ಗಾಳಿಯ ಅಲೆಯೂ ಎಲ್ಲರದು. 2006ರಲ್ಲಿ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಎಂದು ಸರ್ಕಾರ ನಿಯಮ ಮಾಡಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಆ ನಿಯಮ ಬರುವ ಮೊದಲೇ ಕೆಲಸ ಶುರುವಾಗಿತ್ತು. ಅದರ ಹೆಸರು "ನಮ್ಮ ಧ್ವನಿ". ಗಾಳಿಯಲ್ಲಿ ಬಿಡಲು ಅನುಮತಿ ಇರಲಿಲ್ಲ. ಹಾಗಾಗಿ ಕೇಬಲ್ ಎಳೆದು ಮನೆಗಳಿಗೆ ದನಿ ಮುಟ್ಟಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಕಾರ್ಯಕ್ರಮ ಮಾಡಲು ಕಲಿತರು.

ಇನ್ನೊಂದು ಊರು ನಮಗೆ ಹತ್ತಿರದ್ದು. ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅದರ ಹತ್ತಿರ ಮಾಚನೂರು ಎಂಬ ಹಳ್ಳಿ. ಅಲ್ಲಿ 2008ರಲ್ಲಿ "ಸಂಘಂ ರೇಡಿಯೋ" ಶುರುವಾಯಿತು. ಅದನ್ನು ನಡೆಸಿದವರು ಹಳ್ಳಿಯ ದಲಿತ ಹೆಣ್ಣುಮಕ್ಕಳು. ಮೈಕು ಹಿಡಿದವರೂ ಅವರೇ, ಯಂತ್ರ ನೋಡಿಕೊಂಡವರೂ ಅವರೇ. ಜೋಳ, ಸಜ್ಜೆ, ನವಣೆ, ಬೀಜ ಉಳಿಸುವುದು, ಬಾಣಂತನ, ಹಳೆಯ ಹಾಡು, ಎಲ್ಲವನ್ನೂ ತಮ್ಮ ಮನೆಯ ತೆಲುಗಿನಲ್ಲೇ ಹೇಳಿದರು. ಪಟ್ಟಣದ ಭಾಷೆ ಬೇಕು ಎಂದು ಕಾಯಲಿಲ್ಲ. ಕೂಲಿ ಮಾಡುವ ಹೆಣ್ಣುಮಕ್ಕಳೂ ರೇಡಿಯೋ ನಡೆಸಬಲ್ಲರು ಎಂದು ತೋರಿಸಿಕೊಟ್ಟರು.

ನಾಳೆಯೇ ಬೋನಾಳದಲ್ಲಿ ರೇಡಿಯೋ ಕೇಂದ್ರ ಕಟ್ಟೋಣ ಎಂದು ನಾವು ಹೇಳುತ್ತಿಲ್ಲ. ಮೊದಲ ಹೆಜ್ಜೆ ಒಂದು ಕಾರ್ಡು. ಕಲಬುರಗಿ ಆಕಾಶವಾಣಿಗೆ ಒಂದು ಕಾರ್ಡು ಬರೆಯೋಣ. ಹೀಗೆ ಬರೆಯಬಹುದು. ಎಲ್ಲರೂ ಕೂಡಿ ಓದಿ:

"ಆಕಾಶವಾಣಿಯವರಿಗೆ, ಬೋನಾಳದ ಹೆಣ್ಣುಮಕ್ಕಳ ನಮಸ್ಕಾರ. ನಾವು ಹತ್ತಿ ಮತ್ತು ತೊಗರಿ ಹೊಲದಲ್ಲಿ ಕೂಲಿ ಮಾಡುತ್ತೇವೆ. ಔಷಧ ಹೊಡೆಯುವಾಗ ನೀರು ಹೊತ್ತು ಕೊಡುವವರು ನಾವು. ಔಷಧ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಹೊಲಕ್ಕೆ ಇಳಿಯಬೇಕು? ಬಸುರಿಯರು, ಬಾಣಂತಿಯರು ಏನು ಎಚ್ಚರ ವಹಿಸಬೇಕು? ಕೈಗೆ ಬಾಯಿಗೆ ಏನು ಕಟ್ಟಿಕೊಳ್ಳಬೇಕು? ದಯವಿಟ್ಟು ಡಾಕ್ಟರಿಂದ ಮತ್ತು ಕೃಷಿ ಅಧಿಕಾರಿಯಿಂದ ಉತ್ತರ ಹೇಳಿಸಿರಿ."

ಕೆಳಗೆ ನಿಮ್ಮ ಹೆಸರು ಬರೆಯಿರಿ. ಊರು, ತಾಲೂಕು, ಜಿಲ್ಲೆ ಬರೆಯಿರಿ. ಹೆಬ್ಬೆಟ್ಟು ಒತ್ತಬೇಡಿ. ಸಹಿ ಮಾಡಿ. ಇದು ಸಣ್ಣ ಪ್ರಶ್ನೆ ಅಲ್ಲ. ನೂರಾರು ಹಳ್ಳಿಗಳ ಕೂಲಿ ಹೆಣ್ಣುಮಕ್ಕಳು ಕೇಳಬೇಕು ಅಂದುಕೊಂಡು ಕೇಳದೇ ಇದ್ದ ಪ್ರಶ್ನೆ. ಒಬ್ಬರು ಬರೆದರೆ ಉತ್ತರ ಎಲ್ಲರ ಕಿವಿಗೂ ಬೀಳುತ್ತದೆ.

ನೋಟ್ ಬುಕ್ಕಿನ ಒಂದು ಪುಟ

ಕೊನೆಗೆ ಒಂದು ಕೆಲಸ. ನಿಮ್ಮ ನೋಟ್ ಬುಕ್ಕಿನಲ್ಲಿ ಒಂದು ಪುಟ ರೇಡಿಯೋಕ್ಕೆ ಇಡಿ. ಮೇಲೆ ತಾರೀಖು ಬರೆಯಿರಿ. ಕೇಳಿದ ಕಾರ್ಯಕ್ರಮ ಬರೆಯಿರಿ. ಹೇಳಿದವರು ಯಾರು ಎಂದು ಬರೆಯಿರಿ. ನಮಗೆ ಬೇಕಾದ ಒಂದು ಮಾತು ಬರೆಯಿರಿ. ಒಂದು ದಿನಕ್ಕೆ ಒಂದೇ ಮಾತು ಸಾಕು. ಅರ್ಜಿ ಹಾಕುವ ಕೊನೆಯ ದಿನಾಂಕ ಇರಬಹುದು, ಲಸಿಕೆ ಹಾಕುವ ದಿನ ಇರಬಹುದು.

ಇವತ್ತಿನ ಪುಟಕ್ಕೆ ಈ ನಂಬರುಗಳನ್ನು ಬರೆದುಕೊಳ್ಳಿ. ಆಂಬುಲೆನ್ಸಿಗೆ 108. ಹೆಣ್ಣುಮಕ್ಕಳ ಸಹಾಯಕ್ಕೆ 181. ಮಕ್ಕಳ ಸಹಾಯಕ್ಕೆ 1098. ಪೊಲೀಸರು ಬೇಕಾದರೆ, ಯಾವುದೇ ಆಪತ್ತು ಬಂದರೆ 112. ಬೆಳೆಯ ಪ್ರಶ್ನೆ ಇದ್ದರೆ ಕಿಸಾನ್ ಕಾಲ್ ಸೆಂಟರ್, 1800 180 1551. ಅಲ್ಲಿ ಕನ್ನಡದಲ್ಲೇ ಕೇಳಬಹುದು.

ಅಕ್ಕ-ತಂಗಿಯರೇ, ಕೇಳುವುದು ನಮಗೆ ಹೊಸದಲ್ಲ. ನಮ್ಮ ಅವ್ವಂದಿರು ಕೇಳಿ ಕೇಳಿಯೇ ಇಷ್ಟು ಹಾಡು, ಇಷ್ಟು ಗಾದೆ, ಇಷ್ಟು ಮದ್ದು ಉಳಿಸಿದರು. ಈಗ ನಮ್ಮ ಕೈಗೆ ಬರೆಯುವ ಶಕ್ತಿಯೂ ಬಂದಿದೆ. ಮುಂದಿನ ವಾರ ಕೂಡಿದಾಗ ಪ್ರತಿಯೊಬ್ಬರೂ ತಮ್ಮ ಪುಟ ತರಬೇಕು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಓದಬೇಕು. ಕಲಬುರಗಿಗೆ ಕಳಿಸುವ ಕಾರ್ಡನ್ನೂ ಅವತ್ತೇ ಬರೆದು, ಎಲ್ಲರೂ ಸಹಿ ಮಾಡಿ, ಅಂಚೆಗೆ ಹಾಕೋಣ.